ಹಳ್ಳ, ಹೊಳೆ, ಕೆರೆಗಳಲ್ಲಿ ಭಾರಲೋಹ ಪತ್ತೆ: ಮಾದರಿ ತೆಗೆಯುವ ಕ್ರಮದಿಂದ ವರದಿ ಓದುವ ಬಗೆಯವರೆಗೆ

ಹೊಳೆಯ ನೀರಿನ ಬಣ್ಣ ಬದಲಾದಾಗ ಅಥವಾ ದಡದಲ್ಲಿ ಸತ್ತ ಮೀನು ಕಂಡಾಗ ಬಹಳ ಮಂದಿ ಮಾಡುವ ಮೊದಲ ಕೆಲಸವೆಂದರೆ ಕೈಗೆ ಸಿಕ್ಕ ಬಾಟಲಿಯಲ್ಲಿ ನೀರು ಹಿಡಿದು ಪ್ರಯೋಗಾಲಯಕ್ಕೆ ಕೊಟ್ಟು ಬರುವುದು. ಕೆಲವು ದಿನಗಳ ನಂತರ ಬರುವ ವರದಿಯಲ್ಲಿ ಸೀಸ, ಕ್ಯಾಡ್ಮಿಯಂ, ಪಾದರಸಗಳ ಎದುರು ‘ಪತ್ತೆಯಾಗಿಲ್ಲ’ ಎಂದಿರುತ್ತದೆ. ಅಲ್ಲಿಗೆ ವಿಚಾರ ಮುಗಿಯಿತೆಂದು ಎಲ್ಲರೂ ತಿಳಿಯುತ್ತಾರೆ. ಆದರೆ ಆ ಬಾಟಲಿ ಹೇಳಿದ್ದು ಒಂದು ಜಾಗದಲ್ಲಿ, ಒಂದು ಗಳಿಗೆಯಲ್ಲಿ ಹರಿದುಹೋದ ನೀರಿನ ಸ್ಥಿತಿಯನ್ನಷ್ಟೆ. ಹಿಂದಿನ ರಾತ್ರಿ ಬಿಟ್ಟ ತ್ಯಾಜ್ಯ ಆ ಹೊತ್ತಿಗೆ ಎಷ್ಟೋ ದೂರ ಸಾಗಿ ಹೋಗಿರಬಹುದು; ಲೋಹದ ಬಹುಪಾಲು ನೀರಿನಲ್ಲಿ ಉಳಿಯದೆ ತಳದ ಹೂಳಿಗೆ ಅಂಟಿಕೊಂಡಿರಬಹುದು; ಬಾಟಲಿಯ ಒಳಗೋಡೆಯೇ ಒಂದಿಷ್ಟನ್ನು ಹಿಡಿದಿಟ್ಟುಕೊಂಡಿರಬಹುದು. ಪ್ರಯೋಗಾಲಯದ ಯಂತ್ರ ಎಷ್ಟೇ ಸೂಕ್ಷ್ಮವಾಗಿದ್ದರೂ ದಡದಲ್ಲಿ ಆದ ತಪ್ಪನ್ನು ಅದು ತಿದ್ದಲಾರದು. ಆದ್ದರಿಂದ ಈ ಬರಹದ ಹೆಚ್ಚಿನ ಭಾಗ ದಡದಲ್ಲಿ ಮಾಡಬೇಕಾದ ಕೆಲಸಕ್ಕೇ ಮೀಸಲಾಗಿದೆ.

ಭಾರಲೋಹ ಎಂಬ ಹೆಸರು ಸ್ವಲ್ಪ ಸಡಿಲವಾದದ್ದು. ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್, ತಾಮ್ರ, ಸತು ಇವುಗಳ ಜೊತೆಗೆ, ನಿಜಕ್ಕೂ ಲೋಹವಲ್ಲದ, ಲೋಹಕ್ಕೂ ಅಲೋಹಕ್ಕೂ ನಡುವಿನ ಆರ್ಸೆನಿಕ್ ಅನ್ನೂ ರೂಢಿಯಲ್ಲಿ ಈ ಗುಂಪಿಗೇ ಸೇರಿಸುತ್ತಾರೆ. ತಾಮ್ರ, ಸತುಗಳು ಜೀವಿಗಳಿಗೆ ಅಲ್ಪ ಪ್ರಮಾಣದಲ್ಲಿ ಬೇಕು. ಸೀಸ, ಪಾದರಸ, ಕ್ಯಾಡ್ಮಿಯಂಗಳಿಂದ ಮನುಷ್ಯನ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಇವೆಲ್ಲಕ್ಕೂ ಸಮಾನವಾದ ಗುಣವೊಂದಿದೆ. ಕೊಳಚೆ ನೀರಿನ ಸಾವಯವ ಕಲ್ಮಶವನ್ನು ಸೂಕ್ಷ್ಮಜೀವಿಗಳು ತಿಂದು ಕರಗಿಸಿಬಿಡುತ್ತವೆ, ಆದರೆ ಲೋಹವನ್ನು ಯಾವ ಜೀವಿಯೂ ಇಲ್ಲವಾಗಿಸಲಾರದು. ಅದು ರೂಪ ಬದಲಿಸುತ್ತದೆ, ಜಾಗ ಬದಲಿಸುತ್ತದೆ, ಅಷ್ಟೆ.

ಕಣ್ಣಿಗೆ ಕಾಣುವುದನ್ನು ಎಷ್ಟು ನಂಬಬೇಕು

ಬಹಳ ನಂಬಬಾರದು. 2015ರ ಆಗಸ್ಟ್‌ನಲ್ಲಿ ಅಮೆರಿಕದ ಕೊಲರಾಡೊದ ಗೋಲ್ಡ್ ಕಿಂಗ್ ಎಂಬ ಹಳೆಯ ಗಣಿಯಿಂದ ಸುಮಾರು 30 ಲಕ್ಷ ಗ್ಯಾಲನ್ ಕಲುಷಿತ ನೀರು ಅನಿಮಸ್ ನದಿಯ ಕಡೆಗೆ ನುಗ್ಗಿದಾಗ ನದಿ ಅರಿಶಿನ ಕದಡಿದಂತೆ ಕಂಡಿತು. ಆ ಬಣ್ಣ ಕೊಟ್ಟದ್ದು ಮುಖ್ಯವಾಗಿ ಕಬ್ಬಿಣ. ಅದರ ಜೊತೆಯಲ್ಲಿ ಬಂದಿದ್ದ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂಗಳಿಗೆ ಆ ಪ್ರಮಾಣದಲ್ಲಿ ಬಣ್ಣವಿರುವುದಿಲ್ಲ. ಅಪಾಯಕಾರಿ ಮಟ್ಟದ ಸೀಸವನ್ನೋ ಪಾದರಸವನ್ನೋ ಹೊತ್ತ ನೀರು ಸ್ಫಟಿಕದಂತೆ ತಿಳಿಯಾಗಿಯೂ ಇರಬಹುದು. ಹಾಗೆಂದು ಬಣ್ಣವನ್ನು ಪೂರ್ತಿ ಕಡೆಗಣಿಸುವಂತೆಯೂ ಇಲ್ಲ. ಕಲ್ಲುಗಳ ಮೇಲೆ ಕಿತ್ತಳೆ ಬಣ್ಣದ ಲೇಪ ಕೂತಿದ್ದರೆ, ಹತ್ತಿರದಲ್ಲಿ ಗಂಧಕಯುಕ್ತ ಶಿಲೆ ಗಾಳಿಗೆ ತೆರೆದುಕೊಂಡು ಆಮ್ಲೀಯ ನೀರು ಹೊರಬರುತ್ತಿದೆ ಎಂಬ ಅನುಮಾನ ಸಹಜ. ಆಮ್ಲೀಯ ನೀರಿನಲ್ಲಿ ಬೇರೆ ಲೋಹಗಳೂ ಸುಲಭವಾಗಿ ಕರಗುತ್ತವೆ.

ನೀರಿನ ಮೇಲೆ ಎಣ್ಣೆಯಂತಹ ಪದರ ಕಂಡರೆ ಒಂದು ಕಡ್ಡಿಯಿಂದ ಕಲಕಿ ನೋಡಬಹುದು. ಪದರ ಒಡೆದ ಗಾಜಿನಂತೆ ಚೂರುಚೂರಾಗಿ ಬೇರೆಯಾದರೆ ಅದು ಕಬ್ಬಿಣದ ಬ್ಯಾಕ್ಟೀರಿಯಾಗಳ ಸಹಜ ಕೆಲಸ. ಕಲಕಿದ ಕೂಡಲೇ ಮತ್ತೆ ಕೂಡಿಕೊಂಡರೆ ಅದು ಎಣ್ಣೆ. ಇದನ್ನು ತಿಳಿಯದೆ ದೂರು ಕೊಟ್ಟು, ಮುಂದೆ ನಿಜವಾದ ದೂರಿಗೂ ಬೆಲೆಯಿಲ್ಲದಂತೆ ಮಾಡಿಕೊಂಡವರಿದ್ದಾರೆ.

ಕರಗಿದ ಘನಪದಾರ್ಥಗಳ ಒಟ್ಟು ಪ್ರಮಾಣ ತೋರಿಸುವ ಕಿರು ಮೀಟರ್, ಅಂದರೆ ಜನ ಟಿಡಿಎಸ್ ಮೀಟರ್ ಎನ್ನುವ ಸಾಧನ, ಲೋಹ ಪತ್ತೆಗೆ ನಿರುಪಯುಕ್ತ. ಲೀಟರಿಗೆ 300 ಮಿಲಿಗ್ರಾಂ ಲವಣವಿರುವ ನೀರಿಗೆ 10 ಮೈಕ್ರೋಗ್ರಾಂ ಸೀಸ ಸೇರಿದರೆ ಒಟ್ಟು ಮೊತ್ತದಲ್ಲಿ ಆಗುವ ಬದಲಾವಣೆ ಮೂವತ್ತು ಸಾವಿರದಲ್ಲಿ ಒಂದು ಪಾಲು. ಮೀಟರಿನ ಮುಳ್ಳಿಗಾಗಲಿ ಅಂಕಿಗಾಗಲಿ ಅದು ತಿಳಿಯುವುದೇ ಇಲ್ಲ.

ಬಾಟಲಿ ಹಿಡಿಯುವ ಮೊದಲು ಹೊಳೆಯುದ್ದಕ್ಕೂ ನಡೆಯಿರಿ

ಪರೀಕ್ಷೆಗೆ ಮೊದಲು ಪ್ರಶ್ನೆ ಯಾವುದೆಂದು ಬರೆದಿಟ್ಟುಕೊಳ್ಳಬೇಕು. ಈ ನೀರನ್ನು ಕುಡಿಯಬಹುದೇ ಎಂಬುದು ಒಂದು ಪ್ರಶ್ನೆ. ಇಲ್ಲಿನ ಮೀನು ತಿನ್ನಬಹುದೇ ಎಂಬುದು ಇನ್ನೊಂದು. ಲೋಹ ಎಲ್ಲಿಂದ ಬರುತ್ತಿದೆ ಎಂಬುದು ಮೂರನೆಯದು. ಮೊದಲನೆಯದಕ್ಕೆ ನೀರಿನ ಮಾದರಿ ಬೇಕು, ಎರಡನೆಯದಕ್ಕೆ ಮೀನಿನ ಮಾಂಸ, ಮೂರನೆಯದಕ್ಕೆ ಹೂಳು. ಮೂರನ್ನೂ ಒಂದೇ ಬಾಟಲಿಯಿಂದ ತಿಳಿಯಹೊರಟರೆ ಯಾವುದಕ್ಕೂ ಉತ್ತರ ಸಿಗುವುದಿಲ್ಲ.

ಮುಂದಿನ ಹೆಜ್ಜೆ ನಕ್ಷೆ ಹಿಡಿದು ಹರಿವಿನ ಉದ್ದಕ್ಕೂ ನಡೆಯುವುದು. ಪ್ರತಿ ಕೊಳವೆ, ಪ್ರತಿ ಚರಂಡಿ, ಪ್ರತಿ ಉಪಹಳ್ಳ ಸೇರುವ ಜಾಗವನ್ನು ಗುರುತು ಹಾಕಿಕೊಳ್ಳಬೇಕು; ಅದರ ಹಿಂದೆ ಯಾವ ಕಸುಬು ನಡೆಯುತ್ತಿದೆ ಎಂಬುದೂ ಗೊತ್ತಿದ್ದರೆ ಯಾವ ಲೋಹಗಳನ್ನು ಹುಡುಕಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಲೋಹಲೇಪನ ಮಾಡುವಲ್ಲಿ ಕ್ರೋಮಿಯಂ, ನಿಕ್ಕಲ್, ಸತು, ಕೆಲವೆಡೆ ಕ್ಯಾಡ್ಮಿಯಂ. ಚರ್ಮ ಹದಮಾಡುವಲ್ಲಿ ಕ್ರೋಮಿಯಂ. ಹಳೆಯ ಬ್ಯಾಟರಿ ಕರಗಿಸುವಲ್ಲಿ ಸೀಸ. ಕಲ್ಲಿದ್ದಲಿನ ಬೂದಿ ಗುಡ್ಡೆಯಿಂದ ಆರ್ಸೆನಿಕ್, ಸೆಲೆನಿಯಂ. ಅದಿರಿನಿಂದ ಚಿನ್ನವನ್ನು ಕೈಯಿಂದಲೇ ಬೇರ್ಪಡಿಸುವಲ್ಲಿ ಪಾದರಸ. ಫಾಸ್ಫೇಟ್ ಗೊಬ್ಬರ ವರ್ಷಾನುಗಟ್ಟಲೆ ಬಿದ್ದ ಹೊಲಗಳಿಂದ ಅಲ್ಪಸ್ವಲ್ಪ ಕ್ಯಾಡ್ಮಿಯಂ ಬರುತ್ತದೆ. ಕಾರ್ಖಾನೆಯೇ ಇಲ್ಲದ ಕಡೆಯೂ ರಸ್ತೆಯಿದ್ದರೆ ಸಾಕು. ವಾಹನದ ಟೈರ್ ಸವೆದ ಪುಡಿಯಲ್ಲಿ ಸತು ಇರುತ್ತದೆ, ಬ್ರೇಕಿನ ಪುಡಿಯಲ್ಲಿ ತಾಮ್ರವಿರುತ್ತದೆ. ಮಳೆ ಬಂದಾಗ ಅದೆಲ್ಲವೂ ತೊಳೆದು ಹೊಳೆಗೇ ಬರುತ್ತದೆ. ಬ್ರೇಕ್ ಪ್ಯಾಡುಗಳಲ್ಲಿ ತಾಮ್ರವನ್ನು 2025ರ ಹೊತ್ತಿಗೆ ಶೇಕಡ 0.5ಕ್ಕಿಂತ ಕಡಿಮೆಗೆ ಇಳಿಸಬೇಕೆಂದು ಕ್ಯಾಲಿಫೋರ್ನಿಯಾ 2010ರಲ್ಲಿ ಕಾನೂನು ಮಾಡಿದ್ದು ಇದೇ ಕಾರಣಕ್ಕೆ.

ಅನುಮಾನದ ಮೂಲಕ್ಕಿಂತ ಮೇಲ್ಗಡೆ, ಅಂದರೆ ನೀರು ಇನ್ನೂ ಅಲ್ಲಿಗೆ ಮುಟ್ಟದ ಕಡೆ, ಒಂದು ಮಾದರಿಯನ್ನಾದರೂ ತೆಗೆಯಲೇಬೇಕು. ಇದಿಲ್ಲದೆ ಕೆಳಗಿನ ಯಾವ ಅಂಕಿಗೂ ಅರ್ಥವಿಲ್ಲ. ಶಿಲೆಯಲ್ಲೇ ನಿಕ್ಕಲ್, ಕ್ರೋಮಿಯಂ ಹೇರಳವಾಗಿರುವ ಪ್ರದೇಶಗಳಿವೆ. ಬಂಗಾಳದ ನದೀಮುಖಜ ಭೂಮಿಯ ಅಂತರ್ಜಲದಲ್ಲಿರುವ ಆರ್ಸೆನಿಕ್ ಯಾವ ಕಾರ್ಖಾನೆಯ ಕೊಡುಗೆಯೂ ಅಲ್ಲ, ಅಲ್ಲಿನ ಮೆಕ್ಕಲು ಮಣ್ಣಿನಿಂದಲೇ ಬಿಡುಗಡೆಯಾದದ್ದು. ಕೊಳವೆಯ ಕೆಳಗಡೆಯ ಮಾದರಿಯನ್ನು ಕೊಳವೆಯ ಬಾಯಿಯ ಬಳಿಯೇ ತೆಗೆಯುವುದೂ ಸರಿಯಲ್ಲ. ಹೊರಬಿದ್ದ ತ್ಯಾಜ್ಯ ಬಹಳ ದೂರದವರೆಗೆ ಒಂದೇ ದಡಕ್ಕೆ ಅಂಟಿಕೊಂಡು ಹರಿಯುತ್ತದೆ. ಹೊಳೆಯ ಅಗಲಕ್ಕೂ ಮೂರು ನಾಲ್ಕು ಕಡೆ ವಿದ್ಯುತ್ ವಾಹಕತೆ ಅಳೆದು, ಎಲ್ಲ ಕಡೆ ಒಂದೇ ಅಂಕಿ ಬರುವಷ್ಟು ಕೆಳಗೆ ಹೋದರೆ ನೀರು ಚೆನ್ನಾಗಿ ಬೆರೆತಿದೆ ಎಂದು ತಿಳಿಯಬಹುದು.

ಮೊದಲು ಹೂಳು

ಮೂಲ ಹುಡುಕುವುದು ಉದ್ದೇಶವಾಗಿದ್ದು ಒಂದೇ ಬಗೆಯ ಪರೀಕ್ಷೆಗೆ ಮಾತ್ರ ಹಣವಿದೆ ಎಂದಾದರೆ ನಾನು ನೀರನ್ನು ಬಿಟ್ಟು ಹೂಳನ್ನೇ ಆರಿಸಿಕೊಳ್ಳುತ್ತೇನೆ. ಸಾಮಾನ್ಯ ಪಿಎಚ್ ಇರುವ ನೀರಿನಲ್ಲಿ ಸೀಸ, ಕ್ರೋಮಿಯಂ, ತಾಮ್ರದಂತಹ ಲೋಹಗಳು ಬಹುಬೇಗ ಜೇಡಿಕಣಗಳಿಗೆ, ಕಬ್ಬಿಣ ಮತ್ತು ಮ್ಯಾಂಗನೀಸ್ ಆಕ್ಸೈಡುಗಳಿಗೆ, ಕೊಳೆತ ಎಲೆಯ ಅಂಶಕ್ಕೆ ಅಂಟಿಕೊಂಡು ತಳಕ್ಕೆ ಇಳಿಯುತ್ತವೆ. ನೀರು ಗಂಟೆಗೊಮ್ಮೆ ಬದಲಾದರೂ ಹೂಳು ತಿಂಗಳುಗಳ ಲೆಕ್ಕವನ್ನು ಹಿಡಿದಿಟ್ಟುಕೊಂಡಿರುತ್ತದೆ. ಲೋಹದ ಪ್ರಮಾಣವೂ ಅದರಲ್ಲಿ ನೀರಿಗಿಂತ ಸಾವಿರಾರು ಪಟ್ಟು ಹೆಚ್ಚಿರುವುದರಿಂದ ಸಾಧಾರಣ ಪ್ರಯೋಗಾಲಯವೂ ನಂಬಲರ್ಹ ಅಂಕಿ ಕೊಡಬಲ್ಲದು.

ಹೂಳು ತೆಗೆಯಲು ನೀರು ನಿಧಾನವಾಗುವ ಜಾಗ ಹುಡುಕಬೇಕು: ಹೊಳೆಯ ತಿರುವಿನ ಒಳಮಗ್ಗುಲು, ಬಂಡೆಯ ಹಿಂಬದಿ, ಸಣ್ಣ ಒಡ್ಡಿನ ಮೇಲ್ಗಡೆ. ಅಲ್ಲಿ ಬೆರಳಿಗೆ ನುಣುಪಾಗಿ ತಾಗುವ ರೇವೆ ಕೂತಿರುತ್ತದೆ. ಲೋಹ ಅಂಟುವುದು ನುಣುಪು ಕಣಗಳಿಗೆ. ದಪ್ಪ ಮರಳಿನಲ್ಲಿ ಅದು ತೀರ ಕಡಿಮೆ. ಮೇಲ್ಗಡೆ ಮರಳನ್ನೂ ಕೆಳಗಡೆ ರೇವೆಯನ್ನೂ ತೆಗೆದು ಹೋಲಿಸಿದರೆ, ಏನೂ ನಡೆದಿಲ್ಲದ ಹೊಳೆಯಲ್ಲಿಯೂ ಮಾಲಿನ್ಯ ‘ಕಂಡುಬರುತ್ತದೆ’. ಈ ತಪ್ಪು ಬಲು ಸಾಮಾನ್ಯವಾದದ್ದು. ಇದನ್ನು ತಪ್ಪಿಸಲು ಎಲ್ಲ ಮಾದರಿಗಳನ್ನೂ 63 ಮೈಕ್ರಾನ್ ಕಣ್ಣಿನ ಜರಡಿಯಲ್ಲಿ ಸೋಸಿ, ಕೆಳಗೆ ಇಳಿದ ನುಣುಪು ಭಾಗವನ್ನಷ್ಟೇ ಪರೀಕ್ಷಿಸುವಂತೆ ಕೇಳಿಕೊಳ್ಳಬೇಕು. ಜರಡಿ ನೈಲಾನಿನದಾಗಿರಲಿ, ಹಿತ್ತಾಳೆಯ ಜರಡಿ ಬಳಸಿದರೆ ತಾಮ್ರವನ್ನೂ ಸತುವನ್ನೂ ನಾವೇ ಸೇರಿಸಿದಂತೆ. ಜೊತೆಗೆ ಅಲ್ಯೂಮಿನಿಯಂ ಅಥವಾ ಕಬ್ಬಿಣದ ಪ್ರಮಾಣವನ್ನೂ ಅಳೆಸಿ, ಅನುಮಾನದ ಲೋಹವನ್ನು ಅದರ ಅನುಪಾತದಲ್ಲಿ ನೋಡಿದರೆ ಜೇಡಿಯ ಹೆಚ್ಚುಕಡಿಮೆಯಿಂದ ಆಗುವ ಗೊಂದಲ ಇನ್ನಷ್ಟು ಕಡಿಮೆಯಾಗುತ್ತದೆ.

ತೆಗೆಯುವ ಸೌಟು ಪ್ಲಾಸ್ಟಿಕ್ಕಿನದೋ ಮರದ್ದೋ ಆಗಿರಬೇಕು. ಕೆಳಗಿನ ಜಾಗದಿಂದ ಆರಂಭಿಸಿ ಮೇಲ್ಗಡೆಗೆ ಸಾಗಬೇಕು. ಇಲ್ಲವಾದರೆ ನಾವೇ ಕದಡಿದ ರೇವೆ ಮುಂದಿನ ಮಾದರಿಯ ಜಾಗಕ್ಕೆ ಬಂದು ಸೇರುತ್ತದೆ. ಹತ್ತಿಪ್ಪತ್ತು ಮೀಟರ್ ಅಂತರದೊಳಗೆ ಐದಾರು ಕಡೆ ಮೇಲಿನ ಮೂರರಿಂದ ಐದು ಸೆಂಟಿಮೀಟರ್ ಪದರವನ್ನಷ್ಟೇ ತೆಗೆದು ಒಂದು ಪ್ಲಾಸ್ಟಿಕ್ ಬುಟ್ಟಿಯಲ್ಲಿ ಬೆರೆಸಿ, ಅದರಿಂದ ಒಂದು ಮಾದರಿ ಮಾಡಿಕೊಳ್ಳುವುದು ಒಳ್ಳೆಯದು. ಒಂದೇ ಕಡೆಯ ಒಂದು ಸೌಟು ಆಕಸ್ಮಿಕಕ್ಕೆ ಒಳಗಾಗಿರುತ್ತದೆ. ಪಾದರಸದ ಪರೀಕ್ಷೆಯಿದ್ದರೆ ಮಾದರಿಯನ್ನು ಬಿಸಿ ಒಲೆಯಲ್ಲಿ ಒಣಗಿಸಬಾರದು, ಏಕೆಂದರೆ ಪಾದರಸ ಆವಿಯಾಗಿ ಹೋಗುತ್ತದೆ. 40 ಡಿಗ್ರಿ ಸೆಲ್ಸಿಯಸ್ ಮೀರದಂತೆ ನೋಡಿಕೊಳ್ಳಬೇಕು.

ಕಪ್ಪಗಿದ್ದು ಕೊಳೆತ ಮೊಟ್ಟೆಯ ವಾಸನೆ ಬರುವ ಹೂಳಿನ ವಿಷಯ ಸ್ವಲ್ಪ ಬೇರೆ. ಅಲ್ಲಿ ಆಮ್ಲಜನಕವಿಲ್ಲ, ಲೋಹಗಳು ಸಲ್ಫೈಡುಗಳಾಗಿ ಕಟ್ಟಿಹಾಕಿದಂತೆ ಕೂತಿರುತ್ತವೆ. ಗಾಳಿಗೆ ತೆರೆದರೆ ಅವು ನಿಧಾನವಾಗಿ ಬಿಡಿಸಿಕೊಳ್ಳುತ್ತವೆ. ಅಂತಹ ಮಾದರಿಯನ್ನು ಬಾಟಲಿಯ ಕಂಠದವರೆಗೆ ತುಂಬಿ, ಗಾಳಿಗೆ ಜಾಗ ಬಿಡದೆ ಮುಚ್ಚಿ ತಣ್ಣಗಿಡಬೇಕು. ಇದೇ ಕಾರಣಕ್ಕೆ, ಕಲುಷಿತ ಕೆರೆಯ ಹೂಳನ್ನು ಪರೀಕ್ಷಿಸದೆ ಎತ್ತಿ ಹೊಲಕ್ಕೆ ಹಾಕುವ ಕೆಲಸ ನನಗೆ ಯಾವಾಗಲೂ ಅಂಜಿಕೆ ಹುಟ್ಟಿಸುತ್ತದೆ.

ನಿಂತ ನೀರಿನ ಕೆರೆ, ಜಲಾಶಯಗಳಲ್ಲಿ ಪಿವಿಸಿ ಕೊಳವೆಯೊಂದನ್ನು ನೇರವಾಗಿ ತಳಕ್ಕೆ ಒತ್ತಿ ಹೂಳಿನ ಕಂಬವನ್ನೇ ಎತ್ತಬಹುದು. ಪದರಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸಿದರೆ ದಶಕಗಳ ಚರಿತ್ರೆ ತೆರೆದುಕೊಳ್ಳುತ್ತದೆ. 22 ವರ್ಷಗಳ ಅರ್ಧಾಯುಷ್ಯವಿರುವ ಸೀಸ-210, ಅಣುಬಾಂಬ್ ಪರೀಕ್ಷೆಗಳ ಪರಿಣಾಮವಾಗಿ 1963ರ ಆಸುಪಾಸಿನಲ್ಲಿ ಶಿಖರ ಮುಟ್ಟಿದ ಸೀಸಿಯಂ-137 ಇವುಗಳಿಂದ ಪದರದ ವಯಸ್ಸನ್ನೂ ಅಂದಾಜಿಸಬಹುದು. ಸೀಸ ಬೆರೆಸಿದ ಪೆಟ್ರೋಲಿನ ಕಾಲ ಇಂತಹ ಕಂಬಗಳಲ್ಲಿ ಉಬ್ಬಾಗಿ ಕಾಣಿಸುತ್ತದೆ. ವಾಹನಗಳಿಗೆ ಅದನ್ನು ಮಾರುವುದನ್ನು ಎಲ್ಲರಿಗಿಂತ ಕೊನೆಗೆ, 2021ರಲ್ಲಿ, ನಿಲ್ಲಿಸಿದ ದೇಶ ಅಲ್ಜೀರಿಯಾ. ಮೇಲಿನ ಪದರಕ್ಕಿಂತ ಕೆಳಗಿನ ಪದರದಲ್ಲಿ ಸೀಸ ಹೆಚ್ಚಿದ್ದರೆ ಅಪರಾಧಿ ಇಂದಿನ ಕಾರ್ಖಾನೆಯಲ್ಲ ಎಂಬುದನ್ನಾದರೂ ಒಪ್ಪಿಕೊಳ್ಳಬೇಕಾಗುತ್ತದೆ.

ನೀರಿನ ಮಾದರಿ

ನೀರಿನಲ್ಲಿ ನಾವು ಹುಡುಕುವುದು ಲೀಟರಿಗೆ ಕೆಲವೇ ಮೈಕ್ರೋಗ್ರಾಂ, ಅಂದರೆ ಗ್ರಾಮಿನ ಹತ್ತು ಲಕ್ಷದ ಒಂದು ಪಾಲಿನ ಲೆಕ್ಕದಲ್ಲಿ. ಇಷ್ಟು ಸಣ್ಣ ಪ್ರಮಾಣಕ್ಕೆ ಕೈಬೆರಳಿನ ಉಂಗುರ, ತುಕ್ಕು ಹಿಡಿದ ಬಕೆಟ್ಟಿನ ಹಿಡಿ, ಕಾರಿನ ಹೊಗೆ, ಸಿಗರೇಟಿನ ಬೂದಿ ಎಲ್ಲವೂ ಮಾಲಿನ್ಯದ ಮೂಲಗಳೇ. ಕುಡಿಯುವ ನೀರಿನ ಖಾಲಿ ಬಾಟಲಿಯನ್ನು ತೊಳೆದು ಬಳಸುವುದು ಬೇಡ. ಪ್ರಯೋಗಾಲಯದಿಂದಲೇ, ನೈಟ್ರಿಕ್ ಆಮ್ಲದಲ್ಲಿ ನೆನೆಸಿ ಶುದ್ಧ ನೀರಿನಲ್ಲಿ ತೊಳೆದ ಗಟ್ಟಿ ಪಾಲಿಥೀನ್ ಬಾಟಲಿಗಳನ್ನು ಕೇಳಿ ಪಡೆಯಬೇಕು. ಪಾದರಸಕ್ಕೆ ಮಾತ್ರ ಗಾಜಿನ ಅಥವಾ ಟೆಫ್ಲಾನ್ ಬಾಟಲಿ ಬೇಕು, ಏಕೆಂದರೆ ಸಾಮಾನ್ಯ ಪ್ಲಾಸ್ಟಿಕ್ಕಿನ ಗೋಡೆಯ ಮೂಲಕ ಪಾದರಸದ ಆವಿ ಒಳಕ್ಕೂ ಹೊರಕ್ಕೂ ನುಸುಳುತ್ತದೆ.

ಇಬ್ಬರು ಸೇರಿ ಮಾಡುವುದು ಅನುಭವಿಗಳ ಪದ್ಧತಿ. ಒಬ್ಬರು ಪುಡಿಯಿಲ್ಲದ ಕೈಗವಸು ಹಾಕಿಕೊಂಡು ಬಾಟಲಿಯನ್ನು ಮಾತ್ರ ಮುಟ್ಟುತ್ತಾರೆ; ಇನ್ನೊಬ್ಬರು ಚೀಲ ತೆರೆಯುವುದು, ಬರೆದುಕೊಳ್ಳುವುದು, ಮೀಟರ್ ಹಿಡಿಯುವುದು ಮುಂತಾದ ಉಳಿದ ಕೆಲಸಗಳನ್ನೆಲ್ಲ ಮಾಡುತ್ತಾರೆ. ನೀರಿಗಿಳಿದಾಗ ಮುಖ ಮೇಲ್ಗಡೆಗೆ, ಅಂದರೆ ನೀರು ಬರುವ ದಿಕ್ಕಿಗೆ ಇರಬೇಕು, ಬಾಟಲಿ ದೇಹಕ್ಕಿಂತ ಮುಂದಿರಬೇಕು. ಮೇಲ್ಪದರದ ನೊರೆ, ಕಸ ಸೇರದಂತೆ ಒಂದು ಗೇಣಿನಷ್ಟು ಆಳದಲ್ಲಿ ಮುಚ್ಚಳ ತೆರೆದು ತುಂಬಿ ಅಲ್ಲೇ ಮುಚ್ಚಿದರೆ ಉತ್ತಮ. ತಳದ ಕೆಸರು ಏಳದಿರಲಿ. ಹೊಳೆ ತುಂಬಿ ಹರಿಯುವಾಗಲೂ ಒಬ್ಬರೇ ಇದ್ದಾಗಲೂ ನೀರಿಗಿಳಿಯಲೇಬಾರದು. ಸೇತುವೆಯ ಮೇಲಿನಿಂದ ಹಗ್ಗ ಕಟ್ಟಿದ ಪ್ಲಾಸ್ಟಿಕ್ ಪಾತ್ರೆ ಇಳಿಸಿದರೆ ಸಾಕು.

ಪ್ರತಿ ಜಾಗದಲ್ಲೂ ಎರಡು ಬಾಟಲಿ ತೆಗೆಯುವುದು ವಾಸಿ. ಒಂದು ಸೋಸದ ನೀರು, ಅದರಿಂದ ಒಟ್ಟು ಲೋಹ ತಿಳಿಯುತ್ತದೆ. ಇನ್ನೊಂದನ್ನು 0.45 ಮೈಕ್ರಾನ್ ಶೋಧಕದಲ್ಲಿ ದಡದಲ್ಲೇ ಸೋಸಬೇಕು, ಅದರಿಂದ ಕರಗಿದ ಲೋಹ ತಿಳಿಯುತ್ತದೆ. ಮೀನಿನ ಕಿವಿರಿಗೆ ಹೆಚ್ಚು ತಟ್ಟುವುದು ಕರಗಿದ ಭಾಗ. ಕುಡಿಯುವವರ ಹೊಟ್ಟೆಗೆ ಹೋಗುವುದು ಎರಡೂ. ಆನಂತರ ಎರಡಕ್ಕೂ ಪಿಎಚ್ 2ಕ್ಕಿಂತ ಕೆಳಗಿಳಿಯುವಂತೆ ಶುದ್ಧ ನೈಟ್ರಿಕ್ ಆಮ್ಲದ ಕೆಲವು ಹನಿ ಸೇರಿಸುತ್ತಾರೆ. ಹೀಗೆ ಮಾಡಿದರೆ ಲೋಹ ಬಾಟಲಿಯ ಗೋಡೆಗೆ ಅಂಟುವುದಿಲ್ಲ, ಬಹುತೇಕ ಲೋಹಗಳ ಮಾದರಿ ಆರು ತಿಂಗಳವರೆಗೆ ಕೆಡುವುದಿಲ್ಲ. ಪಾದರಸಕ್ಕೆ ಆ ಅವಧಿ 28 ದಿನ. ಸೋಸುವುದು ಮೊದಲು, ಆಮ್ಲ ಅನಂತರ: ಈ ಕ್ರಮ ತಲೆಕೆಳಗಾದರೆ ತೇಲುಕಣಗಳಲ್ಲಿದ್ದ ಲೋಹವೆಲ್ಲ ಆಮ್ಲಕ್ಕೆ ಕರಗಿ, ‘ಕರಗಿದ ಲೋಹ’ ಎಂಬ ಅಂಕಿ ಸುಳ್ಳಾಗುತ್ತದೆ. ಸಾಂದ್ರ ನೈಟ್ರಿಕ್ ಆಮ್ಲ ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತುವಾದ್ದರಿಂದ, ಅಭ್ಯಾಸವಿಲ್ಲದವರು ಅದನ್ನು ಕೊಂಡೊಯ್ಯುವ ಗೋಜಿಗೆ ಹೋಗದೆ ಮಾದರಿಯನ್ನು ಬೇಗ ಪ್ರಯೋಗಾಲಯಕ್ಕೆ ಮುಟ್ಟಿಸಿ, ಅಲ್ಲಿಯೇ ಆಮ್ಲ ಸೇರಿಸಿ ಒಂದು ದಿನ ಬಿಟ್ಟು ಪರೀಕ್ಷಿಸುವಂತೆ ಹೇಳಬಹುದು.

ಕ್ರೋಮಿಯಂಗೆ ಇದರಲ್ಲಿ ಒಂದು ಅಪವಾದವಿದೆ. ಮೂರರ ವೇಲೆನ್ಸಿಯ ಕ್ರೋಮಿಯಂಗಿಂತ ಆರರದು ಬಹಳ ಹೆಚ್ಚು ಅಪಾಯಕಾರಿ, ಹೆಚ್ಚು ಸುಲಭವಾಗಿ ಹರಿದಾಡುವಂಥದು. ಆಮ್ಲ ಹಾಕಿದರೆ ಆರರದು ಮೂರರದಾಗಿ ಬದಲಾಗಿಬಿಡಬಹುದು. ಆದ್ದರಿಂದ ಅದಕ್ಕೆ ಪ್ರತ್ಯೇಕ ಬಾಟಲಿ ಬೇಕು, ಆಮ್ಲವಿರಬಾರದು, 4 ಡಿಗ್ರಿಯ ಆಸುಪಾಸಿನಲ್ಲಿ ತಣ್ಣಗಿಟ್ಟು 24 ಗಂಟೆಯೊಳಗೆ ಪರೀಕ್ಷೆಯಾಗಬೇಕು.

ಪ್ರತಿ ಸುತ್ತಿನಲ್ಲಿ ಒಂದು ಬಾಟಲಿಯಷ್ಟು ಅತಿಶುದ್ಧ ನೀರನ್ನು ಮನೆಯಿಂದಲೇ ಒಯ್ದು, ಹೊಳೆಯ ದಡದಲ್ಲಿ ಅದನ್ನು ಇನ್ನೊಂದು ಬಾಟಲಿಗೆ ಸುರಿದು, ಉಳಿದವುಗಳಂತೆಯೇ ಸೋಸಿ ಕಳುಹಿಸಬೇಕು. ಇದರಲ್ಲಿ ಸತು ಕಂಡರೆ ಅದು ಹೊಳೆಯದಲ್ಲ, ನಮ್ಮ ಕೈಗವಸಿನದೋ ಶೋಧಕದ್ದೋ ಆಗಿರುತ್ತದೆ. ಹತ್ತು ಮಾದರಿಗೆ ಒಂದರಂತೆ ಒಂದೇ ಜಾಗದ ಜೋಡಿ ಮಾದರಿಯನ್ನೂ, ಪ್ರಯೋಗಾಲಯಕ್ಕೆ ಗೊತ್ತಾಗದ ಹಾಗೆ ಬೇರೆ ಸಂಖ್ಯೆ ಕೊಟ್ಟು ಕಳುಹಿಸಿ. ಎರಡರ ಅಂಕಿಗಳು ಬಹಳ ದೂರವಾಗಿದ್ದರೆ ಇಡೀ ವರದಿಯನ್ನೇ ಅನುಮಾನದಿಂದ ನೋಡಬೇಕು. ಹಣ ಉಳಿಸಲೆಂದು ಜನ ಮೊದಲು ಕೈಬಿಡುವುದು ಈ ಎರಡನ್ನೇ. ಆಕ್ಷೇಪ ಬಂದಾಗ ಮೊದಲು ಬೇಕಾಗುವುದೂ ಇವೇ.

ಯಾವಾಗ ತೆಗೆಯಬೇಕು? ಒಣಕಾಲದ ಕಡಿಮೆ ಹರಿವಿನಲ್ಲಿ ಕೊಳವೆಗಳಿಂದ ನಿರಂತರ ಬರುವ ತ್ಯಾಜ್ಯ ಎದ್ದು ಕಾಣುತ್ತದೆ, ಏಕೆಂದರೆ ಅದನ್ನು ತೆಳುಮಾಡಲು ಹೆಚ್ಚು ನೀರಿರುವುದಿಲ್ಲ. ರಸ್ತೆ, ಗಣಿಗುಡ್ಡೆ, ಬೂದಿಗುಡ್ಡೆಗಳ ಪಾಲು ಕಾಣುವುದು ಒಣಹವೆಯ ನಂತರ ಬಿದ್ದ ಮಳೆಯ ಮೊದಲ ಗಂಟೆಗಳಲ್ಲಿ. ಎರಡು ಸಂದರ್ಭಗಳೂ ಇಲ್ಲದ ವರದಿ ಅರ್ಧ ವರದಿ.

ದಡದಲ್ಲೇ ಅಳೆದುಕೊಳ್ಳಬೇಕಾದ್ದು

ಪಿಎಚ್, ಉಷ್ಣಾಂಶ, ವಾಹಕತೆ ಇವನ್ನು ಅಲ್ಲಿಯೇ ಅಳೆದು ಬರೆದಿಡಬೇಕು. ಬಾಟಲಿಯಲ್ಲಿ ಹೊತ್ತು ತಂದ ಮೇಲೆ ಇವು ಬದಲಾಗುತ್ತವೆ. ನೀರಿನ ಗಡಸುತನವನ್ನು ಪ್ರಯೋಗಾಲಯದಲ್ಲಿ ಅಳೆಸಬಹುದು. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮೀನಿನ ಕಿವಿರಿನಲ್ಲಿ ಲೋಹದೊಡನೆ ಸ್ಪರ್ಧಿಸುವುದರಿಂದ ಒಂದೇ ಪ್ರಮಾಣದ ಕ್ಯಾಡ್ಮಿಯಂ, ತಾಮ್ರ, ಸತು ಮೆದು ನೀರಿನಲ್ಲಿ ಹೆಚ್ಚು ವಿಷಕಾರಿ.

ಹರಿವಿನ ಪ್ರಮಾಣವನ್ನು ಅಂದಾಜಿಸುವುದೂ ಕಷ್ಟವೇನಲ್ಲ. ನೇರವಾಗಿ ಹರಿಯುವ ಹತ್ತು ಮೀಟರ್ ಉದ್ದವನ್ನು ಗುರುತಿಸಿ, ತೇಲುವ ವಸ್ತುವೊಂದು ಅದನ್ನು ದಾಟುವ ಸಮಯ ನೋಡಿ ವೇಗ ತೆಗೆಯಬೇಕು. ಮೇಲ್ಪದರ ಒಳಗಿನ ನೀರಿಗಿಂತ ವೇಗವಾಗಿ ಹರಿಯುವುದರಿಂದ ಅದನ್ನು 0.85ರಿಂದ ಗುಣಿಸಿ, ಅನಂತರ ಅಗಲ ಮತ್ತು ಸರಾಸರಿ ಆಳದಿಂದ ಗುಣಿಸಬೇಕು. ಸೆಕೆಂಡಿಗೆ 2 ಘನಮೀಟರ್ ಹರಿಯುವ ಹೊಳೆಯಲ್ಲಿ ಲೀಟರಿಗೆ 5 ಮೈಕ್ರೋಗ್ರಾಂ ಕ್ಯಾಡ್ಮಿಯಂ ಇದ್ದರೆ ಸೆಕೆಂಡಿಗೆ 10 ಮಿಲಿಗ್ರಾಂ, ದಿನಕ್ಕೆ 864 ಗ್ರಾಂ ಸಾಗಿ ಹೋಗುತ್ತಿದೆ ಎಂದಾಯಿತು. ‘5 ಮೈಕ್ರೋಗ್ರಾಂ’ ಎಂಬುದು ಯಾರಿಗೂ ತಟ್ಟದ ಅಂಕಿ. ದಿನಕ್ಕೆ ಮುಕ್ಕಾಲು ಕಿಲೋಗಿಂತ ಹೆಚ್ಚು ಕ್ಯಾಡ್ಮಿಯಂ ಎಂದರೆ ಅಧಿಕಾರಿಯೂ ತಲೆಯೆತ್ತಿ ನೋಡುತ್ತಾರೆ. ಎರಡು ಉಪಹಳ್ಳಗಳಲ್ಲಿ ಯಾವುದು ಹೆಚ್ಚು ತರುತ್ತಿದೆ ಎಂಬುದನ್ನೂ ಈ ಲೆಕ್ಕವೇ ಹೇಳಬೇಕು.

ಪ್ರಯೋಗಾಲಯವನ್ನು ಕೇಳಬೇಕಾದ ಪ್ರಶ್ನೆಗಳು

ಯಾವ ಯಂತ್ರ ಎಂಬುದಕ್ಕಿಂತ ಪತ್ತೆಮಿತಿ ಎಷ್ಟು ಎಂಬುದೇ ಮುಖ್ಯ ಪ್ರಶ್ನೆ. ಕ್ಯಾಡ್ಮಿಯಂಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ ಮಟ್ಟ ಲೀಟರಿಗೆ 3 ಮೈಕ್ರೋಗ್ರಾಂ; ಪ್ರಯೋಗಾಲಯದ ಪತ್ತೆಮಿತಿ 10 ಆಗಿದ್ದರೆ ‘ಪತ್ತೆಯಾಗಿಲ್ಲ’ ಎಂಬ ಉತ್ತರದಿಂದ ಏನೂ ತಿಳಿಯುವುದಿಲ್ಲ, ಏಕೆಂದರೆ ನೀರಿನಲ್ಲಿ 9 ಇದ್ದರೂ ಅದೇ ಉತ್ತರ ಬರುತ್ತದೆ. ಐಸಿಪಿ-ಎಂಎಸ್ ಯಂತ್ರ, ಅಂದರೆ ಮಾದರಿಯನ್ನು ಅತಿಬಿಸಿ ಪ್ಲಾಸ್ಮಾದಲ್ಲಿ ಒಡೆದು ಪ್ರತಿ ಲೋಹವನ್ನೂ ಅದರ ಪರಮಾಣುವಿನ ತೂಕದಿಂದ ಗುರುತಿಸುವ ಸಾಧನ, ಇಂತಹ ಕೆಳಮಟ್ಟಗಳನ್ನು ಸುಲಭವಾಗಿ ಮುಟ್ಟುತ್ತದೆ. ಜ್ವಾಲೆಯ ಪರಮಾಣು ಹೀರಿಕೆ ಯಂತ್ರ ಹೂಳಿಗೆ ಸಾಕಾದರೂ ನೀರಿನ ಸೀಸ, ಕ್ಯಾಡ್ಮಿಯಂಗಳಿಗೆ ಸಾಲದು. ಪಾದರಸಕ್ಕೆ ಶೀತಲ ಆವಿ ವಿಧಾನ ಬಳಸುತ್ತಾರೆಯೇ ಎಂದು ಕೇಳಿ. ಹೂಳನ್ನು ಯಾವ ಆಮ್ಲದಲ್ಲಿ ಕರಗಿಸುತ್ತಾರೆ ಎಂಬುದನ್ನೂ ಬರೆಸಿಕೊಳ್ಳಿ: ಶಿಲಾಕಣವನ್ನೇ ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲದ ಅಂಕಿಯೂ ಉಳಿದ ಆಮ್ಲಗಳ ಅಂಕಿಯೂ ಪರಸ್ಪರ ಹೋಲಿಕೆಗೆ ಬರುವುದಿಲ್ಲ.

ವರದಿ ಓದುವುದು

ಮೊದಲು ಏಕಮಾನ ನೋಡಬೇಕು. ಮಿಲಿಗ್ರಾಂ ಮತ್ತು ಮೈಕ್ರೋಗ್ರಾಂಗಳ ನಡುವೆ ಸಾವಿರ ಪಟ್ಟು ವ್ಯತ್ಯಾಸವಿದೆ, ಅನಗತ್ಯ ಗಾಬರಿಗೂ ಅನಗತ್ಯ ನೆಮ್ಮದಿಗೂ ಅನೇಕ ಬಾರಿ ಇದೇ ಕಾರಣ. ಪಿಪಿಎಂ ಎಂದರೆ ನೀರಿನ ಮಟ್ಟಿಗೆ ಲೀಟರಿಗೆ ಒಂದು ಮಿಲಿಗ್ರಾಂ, ಪಿಪಿಬಿ ಎಂದರೆ ಒಂದು ಮೈಕ್ರೋಗ್ರಾಂ.

ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಸೂಚಕ ಮಟ್ಟಗಳು ಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ ಹೀಗಿವೆ: ಆರ್ಸೆನಿಕ್ 10, ಸೀಸ 10, ಕ್ಯಾಡ್ಮಿಯಂ 3, ಅಜೈವಿಕ ಪಾದರಸ 6, ಒಟ್ಟು ಕ್ರೋಮಿಯಂ 50, ನಿಕ್ಕಲ್ 70, ತಾಮ್ರ 2000. ಇದರಲ್ಲಿ ಸೀಸದ 10 ಎಂಬುದು ಅದಕ್ಕಿಂತ ಕೆಳಗೆ ಅಪಾಯವಿಲ್ಲವೆಂಬ ಭರವಸೆಯಲ್ಲ; ಮಕ್ಕಳ ಮಟ್ಟಿಗೆ ಸೀಸಕ್ಕೆ ಸುರಕ್ಷಿತ ಮಟ್ಟವೇ ಗೊತ್ತಾಗಿಲ್ಲ. ತಾಮ್ರದ ಅಂಕಿ ಇನ್ನೊಂದು ಬಗೆಯ ತಪ್ಪಿಗೆ ದಾರಿ ಮಾಡುತ್ತದೆ. ಮನುಷ್ಯ 2000 ಮೈಕ್ರೋಗ್ರಾಂವರೆಗೆ ತಾಳಬಲ್ಲ, ಆದರೆ ಮೆದು ನೀರಿನಲ್ಲಿ ಅದರ ನೂರನೆಯ ಒಂದು ಪಾಲು ಕೂಡ ಸಾಲ್ಮನ್ ಮರಿಗಳ ಘ್ರಾಣಶಕ್ತಿಯನ್ನು ಕುಗ್ಗಿಸುತ್ತದೆ. ಕುಡಿಯಲು ಯೋಗ್ಯವೆಂದು ವರದಿ ಬಂದ ಹೊಳೆಯಲ್ಲಿ ಮೀನು ಸಾಯುತ್ತಿದ್ದರೆ ವರದಿಯಾಗಲಿ ಮೀನಾಗಲಿ ಸುಳ್ಳು ಹೇಳುತ್ತಿರಬೇಕಾಗಿಲ್ಲ.

ಹೂಳಿಗೆ ಇಂತಹ ಜಾಗತಿಕ ಮಟ್ಟಗಳಿಲ್ಲ. ಸಿಹಿನೀರಿನ ಹೂಳಿಗೆಂದು ಉತ್ತರ ಅಮೆರಿಕದಲ್ಲಿ 2000ದಲ್ಲಿ ಪ್ರಕಟವಾದ ಎರಡು ಹಂತದ ಮಟ್ಟಗಳನ್ನು ಬೇರೆಡೆಯೂ ಬಳಸುತ್ತಾರೆ: ಕಿಲೋಗೆ ಮಿಲಿಗ್ರಾಂ ಲೆಕ್ಕದಲ್ಲಿ ಸೀಸ 35.8ಕ್ಕಿಂತ ಕಡಿಮೆಯಿದ್ದರೆ ತಳದ ಜೀವಿಗಳಿಗೆ ತೊಂದರೆಯಾಗುವ ಸಂಭವ ಕಡಿಮೆ, 128 ಮೀರಿದರೆ ಸಂಭವ ಹೆಚ್ಚು. ಕ್ಯಾಡ್ಮಿಯಂಗೆ ಇದೇ ಜೋಡಿ 0.99 ಮತ್ತು 4.98, ಪಾದರಸಕ್ಕೆ 0.18 ಮತ್ತು 1.06, ಸತುವಿಗೆ 121 ಮತ್ತು 459. ಇವು ತಳದ ಜೀವಿಗಳ ಕುರಿತ ಅಂದಾಜುಗಳೇ ಹೊರತು ಮನುಷ್ಯರ ಆರೋಗ್ಯದ ಮಿತಿಗಳಲ್ಲ. ನನ್ನ ಮಟ್ಟಿಗೆ ಇವುಗಳಿಗಿಂತ ಹೆಚ್ಚು ಗಟ್ಟಿಯಾದ ಸಾಕ್ಷ್ಯವೆಂದರೆ ಮೇಲ್ಗಡೆಯ ಮತ್ತು ಕೆಳಗಡೆಯ ಅಂಕಿಗಳ ವ್ಯತ್ಯಾಸ. ಒಂದು ಕೊಳವೆಯ ಮೇಲ್ಗಡೆ 20 ಇದ್ದ ಸೀಸ ಕೆಳಗಡೆ 200 ಆಗಿ, ಮುಂದೆ ಸಾಗಿದಂತೆ ಮೆಲ್ಲಗೆ ಇಳಿದಿದ್ದರೆ ಮೂಲದ ಬಗ್ಗೆ ಹೆಚ್ಚು ವಾದ ಉಳಿಯುವುದಿಲ್ಲ.

ಜೀವಿಗಳು ಕೊಡುವ ಸಾಕ್ಷ್ಯ

ಪಾದರಸದ ವಿಷಯದಲ್ಲಿ ನೀರಿನ ವರದಿಯನ್ನು ಮಾತ್ರ ನೆಚ್ಚುವುದು ಅಪಾಯಕಾರಿ. ಆಮ್ಲಜನಕವಿಲ್ಲದ ಹೂಳಿನಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮೀಥೈಲ್ ಪಾದರಸವನ್ನಾಗಿ ಮಾರ್ಪಡಿಸುತ್ತವೆ; ಅದು ಪಾಚಿಯಿಂದ ಹುಳುವಿಗೆ, ಹುಳುವಿನಿಂದ ಸಣ್ಣ ಮೀನಿಗೆ, ಸಣ್ಣದರಿಂದ ದೊಡ್ಡದಕ್ಕೆ ಏರುತ್ತ, ನೀರಿನಲ್ಲಿ ಅಳೆಯಲೂ ಕಷ್ಟವಾಗುವಷ್ಟಿದ್ದದ್ದು ಬೇಟೆಮೀನಿನಲ್ಲಿ ಹತ್ತು ಲಕ್ಷ ಪಟ್ಟಿನ ಆಸುಪಾಸಿಗೆ ಸಾಂದ್ರವಾಗುತ್ತದೆ. ಜಪಾನಿನ ಮಿನಮಾಟದಲ್ಲಿ ಅಸೆಟಾಲ್ಡಿಹೈಡ್ ತಯಾರಿಸುತ್ತಿದ್ದ ಕಾರ್ಖಾನೆಯ ತ್ಯಾಜ್ಯದಲ್ಲೇ ಮೀಥೈಲ್ ಪಾದರಸವಿತ್ತು. ಕೊಲ್ಲಿಯ ಮೀನು ತಿಂದ ಬೆಕ್ಕುಗಳು ವಿಚಿತ್ರವಾಗಿ ಕುಣಿದು ಸತ್ತವು, 1956ರ ಮೇ 1ರಂದು ಮನುಷ್ಯರಲ್ಲಿನ ರೋಗ ಅಧಿಕೃತವಾಗಿ ದಾಖಲಾಯಿತು, ತ್ಯಾಜ್ಯ ನಿಂತದ್ದು 1968ರಲ್ಲಿ. ಪಾದರಸದ ಕುರಿತ ಅಂತಾರಾಷ್ಟ್ರೀಯ ಒಪ್ಪಂದ 2017ರಲ್ಲಿ ಜಾರಿಗೆ ಬಂದದ್ದು ಆ ಊರಿನ ಹೆಸರಿನಲ್ಲೇ. ಅದೇ ದೇಶದ ಜಿನ್ಜು ನದಿಯ ಕ್ಯಾಡ್ಮಿಯಂ ಗದ್ದೆಗೆ ಹರಿದು ಅಕ್ಕಿಯ ಮೂಲಕ ಜನರ ಮೂಳೆಗಳನ್ನು ಮುರಿಯುವಷ್ಟು ದುರ್ಬಲಗೊಳಿಸಿತು. ಎರಡು ಕಡೆಯೂ ವಿಷ ಮನುಷ್ಯನನ್ನು ತಲುಪಿದ್ದು ಕುಡಿದ ನೀರಿಗಿಂತ ಹೆಚ್ಚಾಗಿ ತಿಂದ ಆಹಾರದಿಂದ.

ಮೀನು ಪರೀಕ್ಷಿಸುವುದಾದರೆ ಒಂದೇ ಜಾತಿಯ, ಹೆಚ್ಚುಕಡಿಮೆ ಒಂದೇ ಗಾತ್ರದ ಹಲವು ಮೀನುಗಳನ್ನು ಆರಿಸಬೇಕು; ದೊಡ್ಡ, ಹಳೆಯ ಬೇಟೆಮೀನಿನಲ್ಲಿ ಪಾದರಸ ಸಹಜವಾಗಿಯೇ ಹೆಚ್ಚು. ಪಾದರಸ ಮಾಂಸಖಂಡದಲ್ಲಿಯೂ ಕ್ಯಾಡ್ಮಿಯಂ ಯಕೃತ್ತು, ಮೂತ್ರಪಿಂಡಗಳಲ್ಲಿಯೂ ಸೀಸ ಮೂಳೆಯಲ್ಲಿಯೂ ಶೇಖರವಾಗುವುದರಿಂದ ಯಾವ ಭಾಗವನ್ನು ಪರೀಕ್ಷಿಸಿದರು ಎಂಬುದು ವರದಿಯಲ್ಲಿರಬೇಕು. ಖರ್ಚಿಲ್ಲದ ಇನ್ನೊಂದು ದಾರಿಯೂ ಇದೆ. ಹರಿಯುವ ನೀರಿನ ಕಲ್ಲುಗಳನ್ನು ತಿರುವಿ ನೋಡಿದಾಗ ಮೇಲ್ಗಡೆ ಮೇಫ್ಲೈ ಎಂಬ ಕೀಟದ ಮರಿಗಳು ಹೇರಳವಾಗಿದ್ದು ಕೆಳಗಡೆ ಅವು ಮಾಯವಾಗಿ, ಬರಿ ಕೆಂಪು ಸೊಳ್ಳೆಹುಳುಗಳಂತಹವು ಉಳಿದಿದ್ದರೆ ನಡುವೆ ಏನೋ ಆಗಿದೆ ಎಂದರ್ಥ. ಲೋಹವೇ ಎಂದು ಇದರಿಂದ ಹೇಳಲಾಗದು, ಆದರೆ ಹಣ ಖರ್ಚು ಮಾಡಬೇಕಾದ ಜಾಗ ಯಾವುದೆಂದು ತಿಳಿಯುತ್ತದೆ.

ವರದಿ ಕೆಟ್ಟದಾಗಿ ಬಂದರೆ

ನೀರನ್ನು ಕುದಿಸಿ ಕುಡಿಯಿರಿ ಎಂಬ ಸಲಹೆ ಇಲ್ಲಿ ತಿರುಗುಬಾಣ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಲೋಹ ಅಲ್ಲಿಯೇ ಉಳಿಯುತ್ತದೆ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಕ್ಲೋರಿನ್‌ನಿಂದಲೂ ನೇರಳಾತೀತ ದೀಪದಿಂದಲೂ ಪ್ರಯೋಜನವಿಲ್ಲ. ಹಿಮ್ಮುಖ ಪರಾಸರಣ, ಅಂದರೆ ಆರ್‌ಒ ಶೋಧಕ, ಹೆಚ್ಚಿನ ಲೋಹಗಳನ್ನು ಬಹುಪಾಲು ತೆಗೆಯುತ್ತದೆ. ಆದರೂ ಅದು ಹೊರಬಿಡುವ ನೀರನ್ನು ಆಗಾಗ ಪರೀಕ್ಷಿಸಬೇಕು, ಹಳೆಯದಾದ ಪೊರೆ ಸದ್ದಿಲ್ಲದೆ ಸೋಲುತ್ತದೆ. ಬೇರೆ ಮೂಲದ ನೀರು ಸಿಗುವಂತಿದ್ದರೆ ಅದೇ ಮೇಲು. ಪುಟ್ಟ ಮಕ್ಕಳು ಕಲುಷಿತ ದಡದ ಕೆಸರಿನಲ್ಲಿ ಆಡದಂತೆ ನೋಡಿಕೊಳ್ಳಬೇಕು, ಏಕೆಂದರೆ ಕೈಯಿಂದ ಬಾಯಿಗೆ ಹೋಗುವ ಮಣ್ಣು ಅವರಿಗೆ ನೀರಿಗಿಂತ ದೊಡ್ಡ ಮೂಲವಾಗಬಹುದು.

ಅಧಿಕಾರಿಗಳಿಗೆ ದೂರು ಕೊಡುವಾಗ ವರದಿಯ ಪ್ರತಿಯೊಂದೇ ಸಾಲದು. ಪ್ರತಿ ಮಾದರಿಯ ಜಾಗದ ಅಕ್ಷಾಂಶ ರೇಖಾಂಶ, ದಿನಾಂಕ, ಗಂಟೆ, ಹಿಂದಿನ ಮೂರು ದಿನಗಳ ಮಳೆ, ತೆಗೆದವರ ಸಹಿ, ಬಾಟಲಿ ಯಾರ ಕೈಯಿಂದ ಯಾರ ಕೈಗೆ ಯಾವಾಗ ಹೋಯಿತು ಎಂಬ ಪಟ್ಟಿ, ಶುದ್ಧ ನೀರಿನ ಮತ್ತು ಜೋಡಿ ಮಾದರಿಗಳ ಫಲಿತಾಂಶ, ಪ್ರತಿ ಜಾಗದ ಛಾಯಾಚಿತ್ರ ಇವೆಲ್ಲ ಜೊತೆಗಿರಬೇಕು. ‘ಇಂತಹ ಕಾರ್ಖಾನೆ ವಿಷ ಬಿಡುತ್ತಿದೆ’ ಎಂದು ಬರೆಯುವುದಕ್ಕಿಂತ ‘ಈ ಎರಡು ಜಾಗಗಳ ನಡುವೆ ಹೂಳಿನ ಕ್ರೋಮಿಯಂ ಇಷ್ಟು ಪಟ್ಟು ಏರಿದೆ, ಈ ನಡುವೆ ಸೇರುವುದು ಈ ಒಂದೇ ಚರಂಡಿ’ ಎಂದು ಬರೆದರೆ ತಳ್ಳಿಹಾಕುವುದು ಅವರಿಗೆ ಕಷ್ಟ. ಕಲುಷಿತ ಹೂಳನ್ನು ಉತ್ಸಾಹದಿಂದ ತಾವೇ ಎತ್ತಿಹಾಕಲು ಯಾರೂ ಹೊರಡಬಾರದು: ಕದಡಿದ ರೇವೆ ಕೆಳಗಿನವರ ಪಾಲಾಗುತ್ತದೆ, ದಡಕ್ಕೆ ಹಾಕಿದ್ದು ಮುಂದಿನ ಮಳೆಗೆ ಮರಳಿ ಬರುತ್ತದೆ.

ಕೊನೆಯದಾಗಿ, ಪರೀಕ್ಷೆಗೆ ಕಳುಹಿಸಿ ಮಿಕ್ಕ ಹೂಳನ್ನು ಎಸೆಯಬೇಡಿ. ಒಣಗಿಸಿ, ಜರಡಿ ಹಿಡಿದು, ಗಾಜಿನ ಸೀಸೆಯಲ್ಲಿ ಮುಚ್ಚಿ, ಜಾಗ ಮತ್ತು ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆದ ಚೀಟಿಯೊಂದನ್ನು ಸೀಸೆಗೆ ಅಂಟಿಸಿ ಕತ್ತಲೆಯಲ್ಲಿಡಿ. ಎರಡು ವರ್ಷಗಳ ನಂತರ ಪ್ರಯೋಗಾಲಯ ಬದಲಾಗಿದ್ದರೆ ಹೊಸ ಮಾದರಿಯ ಜೊತೆಗೆ ಈ ಹಳೆಯದನ್ನೂ ಕಳುಹಿಸಬಹುದು. ಅಂಕಿ ಬದಲಾದದ್ದು ಹೊಳೆಯಿಂದಲೋ ಯಂತ್ರದಿಂದಲೋ ಎಂಬ ಪ್ರಶ್ನೆಗೆ ಆಗ ಆ ಸೀಸೆಯಲ್ಲಿ ಉತ್ತರವಿರುತ್ತದೆ.